ಇನ್ನೊಂದು ಬಾಕ್ಸ್ ಅಕ್ಕನ ಮನೆಯಲ್ಲಿತ್ತು

ಧನುರ್ಮಾಸದ ಬೆಳಗ್ಗೆ ಐದೂವರೆ ಇರಬಹುದು. "ಲೋ, ಏನೋ ಸುಟ್ಟ ವಾಸನೆ ಬರ್ತಿದೆ, ಎದ್ದು ನೋಡೋ" ಅಂತ ಅಮ್ಮ ಕೂಗಿದರು. ಒಲೆ ಮೇಲೆ ಏನೂ ಇರಲಿಲ್ಲ. ವಾಸನೆ ಬರುತ್ತಿದ್ದದ್ದು ಬಚ್ಚಲಮನೆ ಕಡೆಯಿಂದ.

ಬಾಗಿಲ ಪಕ್ಕದ ಸ್ಟೂಲ್ ಮೇಲಿದ್ದ ಜಂಕ್ಷನ್ ಬಾಕ್ಸ್ ಹೊಗೆಯಾಡುತ್ತಿತ್ತು. ಬಿಳಿ ಪ್ಲಾಸ್ಟಿಕ್ ಮೇಣದ ಹಾಗೆ ಕರಗಿ ಸ್ಟೂಲಿಗೆ ಅಂಟಿತ್ತು. ನೋಡನೋಡುತ್ತಲೇ ಚಟಪಟ ಅಂತ ಕಿಡಿ ಹಾರಿ, ಮೇಲೆ ನೇತುಹಾಕಿದ್ದ ಟವೆಲ್ ಅಂಚಿಗೆ ಬೆಂಕಿ ಹತ್ತಿತು. ಅಮ್ಮ ಆಗಲೇ ಚೊಂಬಿನಲ್ಲಿ ನೀರು ಎತ್ತಿದ್ದರು. "ನೀರು ಬೇಡಮ್ಮ, ಬೇಡ!" ಅಂತ ಕಿರುಚಿ, ಓಡಿಹೋಗಿ ಮೇನ್ ಆಫ್ ಮಾಡಿದೆ. ಕರೆಂಟ್ ಹೋದ ಮೇಲೆಯೇ ಟವೆಲ್ ಎಳೆದು ನೀರು ಸುರಿದದ್ದು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಾಫಿ ಲೋಟ ಹಿಡಿದಾಗಲೂ ಅಮ್ಮನ ಕೈ ನಡುಗುತ್ತಿತ್ತು.

ಆ ಬಾಕ್ಸ್ ತಂದವನು ನಾನೇ. ತುಮಕೂರಿನ ಮಂಡಿಪೇಟೆಗೆ ಅಕ್ಕಿ, ಬೇಳೆ ತರಲು ಹೋದಾಗ ರಸ್ತೆ ಬದಿಯ ಗಾಡಿಯಲ್ಲಿ ಸಿಕ್ಕಿತ್ತು. ಒಂದಕ್ಕೆ 150 ರೂಪಾಯಿ, ಎರಡು ತಗೊಂಡರೆ 250. ಎಂಥ ಪಿನ್ ಆದರೂ ಕೂರುತ್ತೆ ಅಂದರು ಗಾಡಿಯವರು. ನಮ್ಮ ನೀರು ಕಾಯಿಸುವ ಕಾಯಿಲ್‌ಗೆ ದಪ್ಪ ಪಿನ್ನು, ಬಚ್ಚಲಮನೆ ಹತ್ತಿರ ಪವರ್ ಪ್ಲಗ್ ಇಲ್ಲ. ಸಲೀಸಾಯಿತಲ್ಲ ಅಂದುಕೊಂಡೆ.

ಹತ್ತು ಗಂಟೆಗೆ ಎಲೆಕ್ಟ್ರಿಷಿಯನ್ ಬಂದರು. ಬೈಯಲಿಲ್ಲ. ಸುಟ್ಟ ಬಾಕ್ಸ್ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು. ಹಿತ್ತಾಳೆ ಪಟ್ಟಿ ಇರಬೇಕಾದ ಕಡೆ ತೆಳು ತಗಡು. ಟೆಸ್ಟರ್ ತುದಿಯಿಂದ ಒತ್ತಿದರೆ ಬಾಗುತ್ತಿತ್ತು. ವೈರ್ ಹೊರಗೆ ನೋಡಲು ಏನೋ ದಪ್ಪ, ಸಿಪ್ಪೆ ಸುಲಿದರೆ ಒಳಗೆ ಕೂದಲಿನಂಥ ನಾಲ್ಕೈದು ಎಳೆ. "ಇದು ಮೊಬೈಲ್ ಚಾರ್ಜರ್‌ಗೆ ಆಗ್ಬಹುದು ಸಾರ್. ನಿಮ್ಮ ಕಾಯಿಲ್ 1500 ವ್ಯಾಟ್" ಅಂದರು. 1500 ವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ ಆರೂವರೆ ಆ್ಯಂಪ್. ಬಾಕ್ಸ್ ಹಿಂದೆ 6 ಆ್ಯಂಪ್ ಅಂತ ಅಚ್ಚಾಗಿತ್ತು. ಅದರ ಪಕ್ಕದಲ್ಲೇ 2500 ವ್ಯಾಟ್ ಅಂತಲೂ ಇತ್ತು! ಇವೆರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವೇ ಇಲ್ಲ. ಸುಳ್ಳು ಕಣ್ಣೆದುರೇ ಇತ್ತು, ನಾನು ತಿರುಗಿಸಿ ಓದಿರಲಿಲ್ಲ.

ಕರೆಂಟ್ ಮಿತಿ ಮೀರಿದರೆ ತಾನಾಗೇ ಆಫ್ ಆಗುವ ಎಂಸಿಬಿ ಸ್ವಿಚ್ ಯಾಕೆ ಬೀಳಲಿಲ್ಲ ಅನ್ನೋದು ನನ್ನನ್ನು ಕಾಡುತ್ತಿತ್ತು. ಆ ಲೈನಿನದು 16 ಆ್ಯಂಪ್ ಎಂಸಿಬಿ. ಅದಕ್ಕೆ ಆರೂವರೆ ಜಾಸ್ತಿಯೇ ಅಲ್ಲ. ಗೋಡೆಯೊಳಗಿನ ವೈರ್ ಕಾಪಾಡೋದು ಅದರ ಕೆಲಸ. ನಾವು ಹೊರಗೆ ಸಿಕ್ಕಿಸಿದ ವೈರ್ ಎಷ್ಟು ತೆಳು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಪಿನ್ ಸಡಿಲವಾಗಿ ಕೂತ ಜಾಗ ಬಿಸಿಯಾಗುತ್ತಲೇ ಹೋಗಿತ್ತು.

ಅದರ ಮೇಲೆ ಐಎಸ್‌ಐ ಗುರುತೂ ಇತ್ತು. ಅಸಲಿ ಗುರುತಾದರೆ ಮೇಲೆ ಐಎಸ್ ನಂಬರ್ ಇರುತ್ತದೆ, ಪ್ಲಗ್ಗು-ಸಾಕೆಟ್ಟಿಗೆ ಅದು 1293. ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್. ಅದನ್ನು ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ಯಾವ ಕಂಪನಿಗೆ, ಯಾವ ಸಾಮಾನಿಗೆ ಕೊಟ್ಟದ್ದು ಅಂತ ಬರುತ್ತದೆ. ನಮ್ಮದರಲ್ಲಿ ಮೂರು ಅಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ಎದೆ ಧಸಕ್ಕೆಂದಿತು. ಎರಡನೆಯ ಬಾಕ್ಸನ್ನು ಶಿರಾದಲ್ಲಿರುವ ಅಕ್ಕನಿಗೆ ಕೊಟ್ಟಿದ್ದೆ.

"ಅಕ್ಕ, ಆ ಬಿಳಿ ಬಾಕ್ಸ್‌ಗೆ ಏನು ಹಾಕಿದೀಯ?"

"ಫ್ರಿಜ್ಜು. ಒಂದೊಂದ್ಸಲ ಇಂಡಕ್ಷನ್ ಒಲೆ. ಯಾಕೋ, ಚೆನ್ನಾಗೇ ಇದೆಯಲ್ಲ?"

"ಈಗ ಮುಟ್ಬೇಡ. ಮೊದ್ಲು ಮೇನ್ ಆಫ್ ಮಾಡು, ಆಮೇಲೆ ಕೀಳು."

ಫೋನ್ ಕೆಳಗಿಟ್ಟ ಸದ್ದು ಕೇಳಿಸಿತು. ಹೆಜ್ಜೆ ಸದ್ದು ದೂರ ಹೋಯಿತು. ವಾಪಸ್ ಬಂದವಳ ದನಿ ಇಳಿದಿತ್ತು. "ಒಂದು ತೂತಿನ ಸುತ್ತ ಕಂದಿ ಹೋಗಿದೆ ಕಣೋ. ಇದರ ಪಕ್ಕದಲ್ಲೇ ಪಾಪು ತೊಟ್ಟಿಲು."

ಮಧ್ಯಾಹ್ನದ ಬಸ್ಸಿಗೆ ಶಿರಾಕ್ಕೆ ಹೋದೆ. ಭಾವ ಅಷ್ಟರಲ್ಲಿ ಫ್ರಿಜ್ಜನ್ನು ಗೋಡೆಯ ಪ್ಲಗ್ಗಿಗೇ ಹಾಕಿದ್ದರು. ಬಾಕ್ಸನ್ನು ಹಾಗೇ ಗುಜರಿಗೆ ಹಾಕಿದರೆ ಯಾರಾದರೂ ಎತ್ತಿಕೊಂಡು ಹೋಗಿ ಬಳಸಿಬಿಡಬಹುದು ಅಂತ ಇಬ್ಬರೂ ಜಗಲಿ ಮೇಲೆ ಕೂತೆವು. ನಾನು ವೈರ್ ಹಿಡಿದುಕೊಂಡೆ, ಭಾವ ಕಟಿಂಗ್ ಪ್ಲೇಯರ್‌ನಿಂದ ಗೇಣುದ್ದ ಗೇಣುದ್ದ ಕತ್ತರಿಸುತ್ತಾ ಹೋದರು.