ಚಾಳೀಸು ಬರೆಯುವ ಮುಂಚೆ

ಕೊಪ್ಪಳ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಯಲಬುರ್ಗಾ ಕಡೆಯ ಒಬ್ಬ ಅಜ್ಜಿ ಏಳು ವರ್ಷದ ಮೊಮ್ಮಗಳನ್ನು ಕರೆತಂದಿದ್ದರು. ಅಪ್ಪ, ಅಮ್ಮ ಮಂಗಳೂರಿಗೆ ದುಡಿಯಲು ಹೋದವರು. ತಲೆನೋವು ಅಂದರು. ಬೋರ್ಡು ಓದಿಸಿದೆ, ಸಣ್ಣ ನಂಬರು ಬಂತು, ಚಾಳೀಸು ಬರೆದು ಕಳಿಸಿದೆ. ಹೊರಗೆ ಪಾಳಿ ಉದ್ದ ಇತ್ತು ಅನ್ನುವುದು ನೆಪ.

ಮೂರನೇ ವಾರ ಅಜ್ಜಿ ವಾಪಸ್ ಬಂದು ಚಾಳೀಸನ್ನು ಟೇಬಲ್ ಮೇಲಿಟ್ಟರು. "ಇದು ಸರಿ ಇಲ್ರೀ ಸರ. ಎಲ್ಲಾ ಎರಡೆರಡು ಕಾಣ್ತಾವ ಅಂತಾಳ." ಸಿಟ್ಟು ಬಂತು. ತಲೆಯೆತ್ತಿ ನೋಡಿದರೆ ಹುಡುಗಿಯ ಎಡಗಣ್ಣು ಮೂಗಿನ ಕಡೆ ತಿರುಗಿತ್ತು. ಹೋದ ಸಲ ಇರಲಿಲ್ಲ.

"ವಾಂತಿ ಏನರ ಮಾಡ್ಕೊಂತಾಳೇನ್ ಯವ್ವಾ?"

"ದಿನಾ ಮುಂಜಾನೆ ಎದ್ದ ಕೂಡ್ಲೆ. ಆಮ್ಯಾಲ ರೊಟ್ಟಿ ತಿಂದು ಸಾಲಿಗೆ ಹೊಕ್ಕಾಳ. ಪಿತ್ತ ಅಂತ ಬಿಟ್ಟೀವಿ."

"ಈ ಗೆರಿ ಮ್ಯಾಲ ನಡಿಯವ್ವ" ಅಂದೆ. ಟೈಲ್ಸ್ ಗೆರೆಯ ಮೇಲೆ ಮೂರನೇ ಹೆಜ್ಜೆಗೇ ವಾಲಿ ನನ್ನ ಸ್ಟೂಲು ಹಿಡಿದಳು. ಕಣ್ಣಿನ ಹಿಂಭಾಗದಲ್ಲಿ ನರದ ಬುಡದ ಅಂಚು ನಾಣ್ಯದ ಅಂಚಿನಂತೆ ಸ್ಪಷ್ಟವಾಗಿರಬೇಕು. ಇವಳದು ಎರಡೂ ಕಡೆ ಊದಿ ಕಲಸಿಹೋಗಿತ್ತು.

ಅವತ್ತೇ ಸ್ಕ್ಯಾನಿಗೆ ಕಳಿಸಿದೆವು. ನಡಿಗೆಯ ಸಮತೋಲ ಕಾಯುವ ಚಿಕ್ಕಮೆದುಳಿನಲ್ಲಿ ಗಡ್ಡೆ, ಮೆದುಳಿನ ನೀರು ಹರಿಯುವ ದಾರಿಗೇ ಅಡ್ಡ. ರಾತ್ರಿಯೆಲ್ಲ ಮಲಗಿದಾಗ ತಲೆಯೊಳಗಿನ ಒತ್ತಡ ಏರುತ್ತದೆ, ಎದ್ದು ಓಡಾಡಿದರೆ ತುಸು ಇಳಿಯುತ್ತದೆ. ನಮ್ಮ ಓಪಿಡಿಗೆ ಹನ್ನೊಂದು ಗಂಟೆಗೆ ಬರುವ ಮಗು ಚೆನ್ನಾಗಿಯೇ ಕಾಣುವುದು ಅದಕ್ಕೇ. ಕಣ್ಣನ್ನು ಹೊರಕ್ಕೆ ಎಳೆಯುವ ನರಕ್ಕೂ ಇದೇ ಒತ್ತಡ ತಾಗುತ್ತದೆ, ಕಣ್ಣು ಮೂಗಿನ ಕಡೆ ತಿರುಗುವುದು ಅದಕ್ಕೇ. ಈಗ ಶಾಲಾ ತಪಾಸಣೆಯಲ್ಲೂ ಮೆಳ್ಳಗಣ್ಣು ಯಾವಾಗಿನಿಂದ, ಮುಂಜಾನೆ ವಾಂತಿ ಇದೆಯೇ ಎಂದು ಕೇಳದೆ ನಂಬರು ಬರೆಯುವುದಿಲ್ಲ.

ನಿಮ್ಹಾನ್ಸ್‌ನಲ್ಲಿ ಆಪರೇಷನ್ ಆಯಿತು. ರಿಪೋರ್ಟು ಮೆಡುಲೋಬ್ಲಾಸ್ಟೋಮಾ, ಚಿಕ್ಕಮೆದುಳಿನ ಒಂದು ಬಗೆಯ ಕ್ಯಾನ್ಸರ್ ಗಡ್ಡೆ. ಆಮೇಲೆ ಅಜ್ಜಿಯ ಫೋನು: "ಮಾತೇ ಆಡವಲ್ಲಳ್ರೀ." ಆ ಜಾಗದ ಆಪರೇಷನ್ ನಂತರ ಕೆಲವು ಮಕ್ಕಳು ಹೀಗೆ ಮೂಕರಾಗುತ್ತಾರೆ, ವಾರಗಳೋ ತಿಂಗಳುಗಳೋ. ನನಗೂ ಅದು ಅಲ್ಲಿನ ಡಾಕ್ಟರು ಹೇಳಿದ ಮೇಲೇ ಗೊತ್ತಾದದ್ದು.

ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣ, ನಮ್ಮ ಜನರ ಮಾತಿನಲ್ಲಿ 'ಕರೆಂಟ್ ಕೊಡೋದು'. ಈ ಗಡ್ಡೆಯ ಕಣಗಳು ಮೆದುಳಿನ ನೀರಿನಲ್ಲೇ ಕೆಳಗಿಳಿಯುವುದರಿಂದ ತಲೆಯ ಜೊತೆ ಬೆನ್ನುಹುರಿಗೂ ಕೊಡಬೇಕು. ವಾರಕ್ಕೆ 5 ದಿನ, ಸುಮಾರು 6 ವಾರ. ಮೂರು ವರ್ಷದೊಳಗಿನ ಮಕ್ಕಳಿಗೆ ಬೆಳೆಯುವ ಮೆದುಳಿಗೆ ಪೆಟ್ಟು ಬೀಳುತ್ತದೆಂದು ಆದಷ್ಟು ತಪ್ಪಿಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಕಿಮೋ. ಅಪ್ಪ ಮಂಗಳೂರಿನ ಕೆಲಸ ಬಿಟ್ಟು ಬೆಂಗಳೂರಿನಲ್ಲೇ ಗಾರೆ ಕೆಲಸ ಹಿಡಿದ.

ಹೋದ ತಿಂಗಳು ಬಂದಿದ್ದಳು. ನಡಿಗೆ ಇನ್ನೂ ತುಸು ವಾಲುತ್ತದೆ. ಮಾತು ನಿಧಾನ, ಆದರೆ ನಿಲ್ಲುವುದಿಲ್ಲ. ಬೋರ್ಡನ್ನು ಕೊನೆಯ ಸಾಲಿನವರೆಗೆ ಓದಿದಳು. ಬಾಯಿಪಾಠ ಆಗಿದೆಯೇನೋ ಎಂದು ಬೇರೆ ಬೋರ್ಡು ಹಾಕಿದೆ. ಅದನ್ನೂ ಓದಿದಳು. ಅಜ್ಜಿ ಚೀಲದಿಂದ ಅದೇ ಚಾಳೀಸು ತೆಗೆದರು.

"ಇದನ್ನ ಹಾಕಬೇಕೇನ್ರೀ ಸರ, ಇನ್ನ?"