ಅಣ್ಣನಿಗೆ ಮ್ಯಾರೋ ಕೊಡುವ ಮೊದಲು ತಂಗಿಗೂ ಟೆಸ್ಟ್

12 ಮಾರ್ಚ್ 2024, ಮಂಗಳವಾರ
ಬೆಂಗಳೂರು

ಬೆಳಗ್ಗೆಯಿಂದ ಲ್ಯಾಬ್‌ನಲ್ಲಿ ಒಂದೇ ಕೇಸಿನ ಸ್ಲೈಡುಗಳು. ಫ್ಯಾಂಕೋನಿ ಅನೀಮಿಯಾ, ಅಂದರೆ ಡಿಎನ್‌ಎ ರಿಪೇರಿ ಕೆಟ್ಟು ರಕ್ತ ಹುಟ್ಟುವುದು ಕುಂದುವ ವಂಶವಾಹಿ ರೋಗ, ಇರಬಹುದಾ ಅಂತ ಅನುಮಾನ ಬಂದು ಡಾಕ್ಟರು ಕಳಿಸಿದ್ದು. ಒಬ್ಬ ಹುಡುಗ. ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆ, ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ರಕ್ತ ತಯಾರಿಸುವುದನ್ನೇ ನಿಲ್ಲಿಸುತ್ತಿದೆ. ವಯಸ್ಸಿಗೆ ತಕ್ಕ ಎತ್ತರವೂ ಇಲ್ಲ.

ಈ ಟೆಸ್ಟ್‌ನಲ್ಲಿ ರಕ್ತದ ಬಿಳಿ ಕಣಗಳನ್ನು ಮೂರು ದಿನ ಬೆಳೆಸುತ್ತೇವೆ. ಒಂದು ಟ್ಯೂಬಿಗೆ ಮೈಟೊಮೈಸಿನ್ ಸಿ ಎಂಬ ಕ್ಯಾನ್ಸರ್ ಔಷಧ ಹಾಕುತ್ತೇವೆ, ಇನ್ನೊಂದಕ್ಕೆ ಇಲ್ಲ. ಜೊತೆಗೆ ಆರೋಗ್ಯವಾಗಿರುವ ಒಬ್ಬರ ರಕ್ತವನ್ನೂ ಇದೇ ರೀತಿ ಬೆಳೆಸುತ್ತೇವೆ. ಮೈಟೊಮೈಸಿನ್ ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಆ ಬೆಸುಗೆ ಬಿಡಿಸದೆ ಕಣ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಲು ಆಗಲ್ಲ. ಬಿಡಿಸುವ ಕೆಲಸಕ್ಕೆ 20ಕ್ಕೂ ಹೆಚ್ಚು ಜೀನ್‌ಗಳು ಸೇರಿ ದುಡಿಯುತ್ತವೆ. ಒಂದು ಕೈಕೊಟ್ಟರೂ ಸಾಕು, ರಿಪೇರಿ ನಿಂತುಹೋಗುತ್ತದೆ. ಜಾಸ್ತಿ ಮಕ್ಕಳಲ್ಲಿ ಕೆಟ್ಟಿರುವುದು ಫ್ಯಾಂಕ್‌ಎ ಜೀನ್. ಸ್ತನ ಕ್ಯಾನ್ಸರ್ ವಿಷಯದಲ್ಲಿ ಕೇಳುವ ಬಿಆರ್‌ಸಿಎ2 ಕೂಡ ಇದೇ ಗುಂಪಿನದು. ಅದು ಗೊತ್ತಾಗಿದ್ದು 2002ರಲ್ಲಿ.

ಲ್ಯಾಬಿನ ಔಷಧ ದೇಹದಲ್ಲಿ ಇರುವುದಿಲ್ಲ, ನಿಜ. ಆದರೆ ನಾವು ಉಂಡಿದ್ದು ಅರಗುವಾಗಲೂ ಆಲ್ಡಿಹೈಡ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಅವೂ ಡಿಎನ್‌ಎಗೆ ಇಂಥದೇ ಏಟು ಕೊಡುತ್ತವೆ.

ಆರೋಗ್ಯವಂತರ ಸ್ಲೈಡಿನಲ್ಲಿ ಕ್ರೋಮೊಸೋಮ್‌ಗಳು ಬಿಡಿಬಿಡಿಯಾಗಿ, ನೆಟ್ಟಗಿದ್ದವು. ಹುಡುಗನದರಲ್ಲಿ ಒಂದೊಂದು ಕಣದಲ್ಲೂ ನಾಲ್ಕೈದು ಕಡೆ ಮುರಿದಿವೆ. ಮುರಿದ ತುದಿಗಳು ಸುಮ್ನೆ ಕೂತಿಲ್ಲ, ಪಕ್ಕದ ಕ್ರೋಮೊಸೋಮಿಗೆ ಅಂಟಿಕೊಂಡಿವೆ. ನಾಲ್ಕು ತೋಳಿನ ಆಕಾರಗಳು, ರಂಗೋಲಿಯ ಎಳೆ ತಪ್ಪಿ ಒಂದರ ಮೇಲೊಂದು ಬಿದ್ದ ಹಾಗೆ. ರೇಡಿಯಲ್ ಅಂತೀವಿ. ಇಷ್ಟು ಕಂಡ ಮೇಲೆ ಅನುಮಾನಕ್ಕೆ ಜಾಗವಿಲ್ಲ.

ತಂದೆತಾಯಿ ಸೋದರಮಾವ, ಅಕ್ಕನ ಮಗಳು. ನಮ್ಮ ಕಡೆ ಇದು ಹೊಸದೇನಲ್ಲ ಅಲ್ವಾ? ಇಂಥ ಇಬ್ಬರ ಜೀನ್‌ಗಳಲ್ಲಿ ಸರಾಸರಿ ಕಾಲು ಭಾಗ ಒಂದೇ ಹಿರಿಯರಿಂದ ಬಂದಿರುತ್ತದೆ. ಆ ಹಿರಿಯರಲ್ಲಿ ಫ್ಯಾಂಕೋನಿ ಜೀನಿನ ಒಂದು ಕೆಟ್ಟ ಪ್ರತಿ ಇದ್ದರೆ ಅದು ಇಬ್ಬರಿಗೂ ಬಂದಿರುವ ಸಾಧ್ಯತೆ ಜಾಸ್ತಿ. ಸಾಮಾನ್ಯವಾಗಿ ಒಂದೊಂದು ಜೀನಿಗೂ ಎರಡು ಪ್ರತಿ, ಅದರಲ್ಲಿ ಕೆಟ್ಟದ್ದು ಒಂದೊಂದೇ ಇದ್ದಾಗ ಇಬ್ಬರೂ ಗಟ್ಟಿಮುಟ್ಟಾಗೇ ಇರುತ್ತಾರೆ. ಇಬ್ಬರ ಕೆಟ್ಟ ಪ್ರತಿಯೂ ಮಗುವಿಗೆ ಬಂದರೆ ರೋಗ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸಂಬಂಧವಿಲ್ಲದ ದಂಪತಿಗೂ ಇದು ಆಗುತ್ತದೆ, ಆದರೆ ಅಪರೂಪ.

ಮನೆಯವರು ತಾಯಿಯನ್ನೇ ದೂರುವುದು ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಸಾಮಾನ್ಯವಾಗಿ ಇದರಲ್ಲಿ ತಂದೆಯಿಂದಲೂ ಒಂದು ಕೆಟ್ಟ ಪ್ರತಿ ಬಂದಿರಲೇಬೇಕು. ಕೌನ್ಸೆಲಿಂಗ್‌ನಲ್ಲಿ ಮೊದಲು ಇದನ್ನೇ ಹೇಳಬೇಕು, ಅದೂ ಅತ್ತೆಮಾವಂದಿರ ಎದುರಿಗೇ.

ಈಗ ಬೋನ್ ಮ್ಯಾರೋ ಕಸಿಯ ಮಾತು ಬಂದಿದೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಮೊದಲ ಸಲ ಹೊಕ್ಕುಳಬಳ್ಳಿ ರಕ್ತದಿಂದ ಕಸಿ ಮಾಡಿದ್ದು ಇದೇ ರೋಗದ ಹುಡುಗನಿಗೆ. ಕೊಟ್ಟವಳು ಆಗತಾನೇ ಹುಟ್ಟಿದ ತಂಗಿ. ಆದರೆ ಅವಳಿಗೆ ಈ ರೋಗ ಇಲ್ಲ ಎಂದು ಬಸಿರಿನಲ್ಲೇ ಪರೀಕ್ಷೆ ಮಾಡಿದ್ದರು. ಈ ಹುಡುಗನ ತಂಗಿಯೂ ನೋಡಲು ಚೆನ್ನಾಗಿಯೇ ಇದ್ದಾಳಂತೆ. ಅಷ್ಟು ಸಾಲದು. ರೋಗವಿದ್ದೂ ಇನ್ನೂ ಲಕ್ಷಣ ತೋರದಿರಬಹುದು. ಅಂಥವಳ ಮ್ಯಾರೋ ಕೊಟ್ಟರೆ ಅದೇ ಕಾಯಿಲೆ ವಾಪಸ್ ಬಂದ ಹಾಗೆ.

ಕಸಿಗೆ ಮೊದಲು ಕೊಡುವ ಕೀಮೋ ಡೋಸನ್ನೂ ಬಹಳ ಇಳಿಸಬೇಕು. ಡಿಎನ್‌ಎ ಮುರಿಯುವ ಔಷಧ ತಾನೇ ಅದು. ಮಾಮೂಲಿ ಡೋಸ್ ಈ ಮಕ್ಕಳ ಜೀವಕ್ಕೇ ಕುತ್ತು. ಅದಕ್ಕೇ ನನ್ನ ಕೋರಿಕೆ, ರಕ್ತ ಹುಟ್ಟುವುದೇ ನಿಂತ ಮಗು ಬಂದರೆ ಹೆಬ್ಬೆರಳು ಸರಿಯಿದೆ, ಚರ್ಮದ ಮೇಲೆ ಕಲೆಯಿಲ್ಲ ಅಂತ ಈ ಟೆಸ್ಟ್ ಬಿಡಬೇಡಿ. ಹೆಬ್ಬೆರಳಿನ ದೋಷ, ಚರ್ಮದ ಕಲೆ ಈ ರೋಗದ ಹೊರಗುರುತುಗಳು ನಿಜ, ಆದರೆ ಸುಮಾರು ಕಾಲು ಭಾಗ ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ರಕ್ತದ ಟೆಸ್ಟ್ ನಾರ್ಮಲ್ ಬಂದೂ ಅನುಮಾನ ಉಳಿದರೆ ಚರ್ಮದ ಚೂರು ಕಳಿಸಿ. ಕೆಲವರ ರಕ್ತಕಣಗಳಲ್ಲಿ ಕೆಟ್ಟ ಜೀನ್ ತಾನಾಗಿಯೇ ಸರಿಹೋಗಿರುತ್ತದೆ, ಚರ್ಮದಲ್ಲಿ ಹಾಗೇ ಉಳಿದಿರುತ್ತದೆ.

ತಂಗಿಯ ರಕ್ತ ಮಧ್ಯಾಹ್ನ ಬಂತು, ಕಲ್ಚರ್‌ಗೆ ಹಾಕಿದ್ದೇನೆ. ಶುಕ್ರವಾರ ತೆಗೆದು ಶನಿವಾರ ಸ್ಲೈಡ್ ನೋಡುತ್ತೇನೆ.