ಮದುವೆಯೂ ದೈವಕರೆಯೇ?

ಕಥೋಲಿಕ ಧರ್ಮಸಭೆಯ ವಿವಾಹ ಸಿದ್ಧತಾ ಶಿಬಿರಗಳಲ್ಲಿ ಪಾಠ ಹೇಳುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ದೈವಕರೆ ಇರುವುದು ಗುರುಗಳಿಗೆ, ಕನ್ಯಾಸ್ತ್ರೀಯರಿಗೆ. ನಾವು ಸುಮ್ಮನೆ ಮದುವೆಯಾಗುತ್ತೇವೆ. ಅದನ್ನೂ ಯಾಕೆ ಕರೆ ಅನ್ನುತ್ತೀರಿ?"

ಕೇಳುವವರನ್ನು ದೂರಲಾರೆ. ಮದುವೆಯೂ ದೇವರ ಕೃಪೆ ತರುವ ಏಳು ಸಂಸ್ಕಾರಗಳಲ್ಲೊಂದು ಎಂದು 1563ರಲ್ಲಿ ಧರ್ಮಸಭೆಯ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ ಖಚಿತವಾಗಿ ಸಾರಿತು. ಅದೇ ಅಧಿವೇಶನದಲ್ಲಿ, ಬ್ರಹ್ಮಚರ್ಯಕ್ಕಿಂತ ಮದುವೆಯೇ ಮೇಲು ಎನ್ನುವವರನ್ನು ಖಂಡಿಸಿತು. ಜನರ ಮನಸ್ಸಿನಲ್ಲಿ ಉಳಿದದ್ದು ಈ ಎರಡನೆಯ ಮಾತು. ಪವಿತ್ರತೆಗೆ ಕರೆ ಎಲ್ಲರಿಗೂ ಇದೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ ಒತ್ತಿ ಹೇಳುವ ಹೊತ್ತಿಗೆ 1964 ಆಗಿತ್ತು.

ಈಗಿನ ಕಥೋಲಿಕ ಧರ್ಮೋಪದೇಶ ಗ್ರಂಥ ಗುರುದೀಕ್ಷೆಯನ್ನೂ ಮದುವೆಯನ್ನೂ ಒಂದೇ ಗುಂಪಿನಲ್ಲಿ ಇಡುತ್ತದೆ. ಎರಡೂ ಬೇರೆಯವರ ಆತ್ಮದ ರಕ್ಷಣೆಗಾಗಿ ಕೊಟ್ಟ ಸಂಸ್ಕಾರಗಳು. ಯಾವ ಗುರುವೂ ತನಗಾಗಿ ಗುರುವಾಗುವುದಿಲ್ಲ. ಗಂಡನಾಗುವುದು, ಹೆಂಡತಿಯಾಗುವುದು ಕೂಡ ಹಾಗೆಯೇ. ನಿನ್ನ ಸಂಗಾತಿಯನ್ನು ದೇವರ ಬಳಿಗೆ ಕರೆದೊಯ್ಯುವ ಹೊಣೆ ನಿನ್ನದು ಎಂದರೆ ಶಿಬಿರದಲ್ಲಿ ಹಲವರು ಬೆಚ್ಚಿಬೀಳುತ್ತಾರೆ. ಬೆಚ್ಚಬೇಕಾದ ಮಾತೇ ಅದು.

ಈ ಹೊಣೆಯನ್ನು ಹೊರುವ ಶಕ್ತಿ ಎಲ್ಲಿಂದ? ದೇವರು ಪ್ರೀತಿಸ್ವರೂಪಿ ಎನ್ನುತ್ತಾನೆ ಬೈಬಲಿನ ಯೊವಾನ್ನ. ಲೋಕ ಹುಟ್ಟುವ ಮೊದಲೇ ಪಿತ, ಸುತ, ಪವಿತ್ರಾತ್ಮರ ನಡುವೆ ಆ ಪ್ರೀತಿ ಇತ್ತು ಎಂಬುದು ನಮ್ಮ ವಿಶ್ವಾಸ. ದಾರಿ ತಪ್ಪಿದ ಹೆಂಡತಿಯನ್ನು ಮತ್ತೆ ಒಲಿಸಿಕೊಳ್ಳುವ ಗಂಡನ ಹಾಗೆ ದೇವರನ್ನು ಕಂಡವನು ಪ್ರವಾದಿ ಹೋಶೇಯ. ಕ್ರಿಸ್ತ ತನ್ನ ಸಭೆಗಾಗಿ ಪ್ರಾಣಕೊಟ್ಟಂತೆ ಗಂಡ ಹೆಂಡತಿಯನ್ನು ಪ್ರೀತಿಸಲಿ ಎಂದು ಪೌಲ ಎಫೆಸದವರಿಗೆ ಬರೆದ. ನಮ್ಮ ಸ್ವಂತ ಪ್ರೀತಿ ಅಷ್ಟು ದೂರ ಸಾಗದು. ಮದುವೆಯ ಸಂಸ್ಕಾರದಲ್ಲಿ ಸಿಗುವುದು ಕ್ರಿಸ್ತನ ಪ್ರೀತಿಯಲ್ಲೇ ಒಂದು ಪಾಲು.

ಹಾಗೆಂದು ದೈವಪ್ರೀತಿ ಬರೀ ತ್ಯಾಗ, ದೇಹದ ಬಯಕೆ ಕೀಳು ಎಂದುಕೊಳ್ಳಬೇಡಿ. ಜಗದ್ಗುರು (ಪೋಪ್) ಹದಿನಾರನೆಯ ಬೆನೆಡಿಕ್ಟ್ 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ, ಅಂದರೆ ಇಡೀ ಧರ್ಮಸಭೆಗೆ ಬರೆದ ಪತ್ರದಲ್ಲಿ, ಬಯಸುವ ಪ್ರೀತಿಯನ್ನೂ ಕೊಡುವ ಪ್ರೀತಿಯನ್ನೂ ಬೇರ್ಪಡಿಸಲಾಗದು ಎಂದರು. ಸದಾ ಕೊಡುತ್ತಲೇ ಇರಲು ಮನುಷ್ಯನಿಗೆ ಆಗದು, ಅವನು ಪಡೆಯಲೂ ಬೇಕು. ತ್ಯಾಗವನ್ನು ಮಾತ್ರ ಹೊಗಳುವ ಮದುವೆ ಪ್ರವಚನಗಳು ನನಗೆ ಸೇರದಿರುವುದಕ್ಕೆ ಇದೇ ಕಾರಣ.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಲೂಯಿ ಮಾರ್ಟಿನ್ ಎಂಬ ಗಡಿಯಾರ ಕೆಲಸಗಾರನಿದ್ದ. ಸನ್ಯಾಸಿಯಾಗಲು ಹೋದವನನ್ನು ಮಠದವರು ಲ್ಯಾಟಿನ್ ಬಾರದೆಂದು ಹಿಂದಕ್ಕೆ ಕಳಿಸಿದರು. ಕನ್ಯಾಸ್ತ್ರೀಯಾಗಲು ಹೊರಟ ಝೆಲಿಗೂ ಕಾನ್ವೆಂಟಿನಲ್ಲಿ ಜಾಗ ಸಿಗಲಿಲ್ಲ. 1858ರಲ್ಲಿ ಇಬ್ಬರೂ ಮದುವೆಯಾದರು. ಮೊದಲ ಕೆಲವು ತಿಂಗಳು ಅಣ್ಣ ತಂಗಿಯಂತೆ ಬಾಳಿದರಂತೆ. ಅದೇ ಹೆಚ್ಚು ಪವಿತ್ರ ಎಂದು ಅವರೂ ನಂಬಿದ್ದರು! ಅವರ ಮನಸ್ಸು ಬದಲಿಸಿದ್ದು ಒಬ್ಬ ಗುರುವಿನ ಸಲಹೆ. ಒಂಬತ್ತು ಮಕ್ಕಳಾದರು, ನಾಲ್ವರು ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಉಳಿದ ಐವರು ಹೆಣ್ಣುಮಕ್ಕಳಲ್ಲಿ ಒಬ್ಬಳು ಲಿಸಿಯೂವಿನ ಸಂತ ತೆರೇಸಾ. ಜಗದ್ಗುರು ಫ್ರಾನ್ಸಿಸ್ 2015ರಲ್ಲಿ ಈ ದಂಪತಿಯನ್ನು ಒಟ್ಟಿಗೇ ಸಂತರೆಂದು ಘೋಷಿಸಿದರು. ಮದುವೆ ಇವರಿಗೆ ಎರಡನೆಯ ದರ್ಜೆಯ ದಾರಿಯಾಗಿತ್ತು ಎನ್ನಲು ನನಗೆ ಬಾಯಿ ಬಾರದು.

"ಕರೆ ಅಂದಮೇಲೆ ಹೊಡೆತ ಬಡಿತವನ್ನೂ ಸಹಿಸಬೇಕಾ?" ಎಂದೂ ಕೇಳುತ್ತಾರೆ. ಬೇಡ. ಸಂಗಾತಿಯಿಂದ ತನಗೋ ಮಕ್ಕಳಿಗೋ ಅಪಾಯವಿದ್ದರೆ ಬೇರೆ ವಾಸಿಸಲು ಧರ್ಮಸಭೆಯ ಕಾನೂನೇ ಅವಕಾಶ ಕೊಡುತ್ತದೆ. ಕೆಲವೊಮ್ಮೆ ಬೇರೆಯಾಗುವುದೇ ನೈತಿಕವಾಗಿ ಅಗತ್ಯ ಎಂದು ಫ್ರಾನ್ಸಿಸ್ 2016ರಲ್ಲಿ ಬರೆದರು. ಕರೆಯ ಹೆಸರಿನಲ್ಲಿ ಹಿಂಸೆಯನ್ನು ಒಪ್ಪಿಸುವವರ ಮಾತಿಗೆ ಕಿವಿಗೊಡಬೇಡಿ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಲ್ಯಾಟಿನ್ ವಿಧಿಯಲ್ಲಿ, ಅಂದರೆ ರೋಮಿನ ಆರಾಧನಾ ಪದ್ಧತಿಯಲ್ಲಿ, ಮದುವೆ ಸಂಸ್ಕಾರವನ್ನು ನೆರವೇರಿಸುವವರು ಗುರುಗಳಲ್ಲ, ವಧೂವರರೇ. ಗುರುಗಳು ಧರ್ಮಸಭೆಯ ಪರವಾಗಿ ಸಾಕ್ಷಿ ನಿಲ್ಲುತ್ತಾರೆ. ಆದ್ದರಿಂದ ತನಗೆ ಕರೆಯಿದೆಯೇ ಎಂದು ಕೇಳುವ ಹುಡುಗನಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಈ ಹುಡುಗಿಯ ಕೈ ಹಿಡಿದು ಆ ಸಂಸ್ಕಾರವನ್ನು ಅವಳಿಗೆ ಕೊಡಲು, ಅವಳಿಂದ ಪಡೆಯಲು ನೀನು ಮನಸಾರೆ ಸಿದ್ಧನಿದ್ದೀಯಾ? ಕೆಲವರು ಯೋಚಿಸಲು ಸಮಯ ಕೇಳುತ್ತಾರೆ. ಅಂಥವರ ಮೇಲೆ ನನಗೆ ನಂಬಿಕೆ ಹೆಚ್ಚು.